ಇಪ್ಪತ್ತೆರಡು ನಂಬರ್ ಗ್ಯಾಸಿನ ಬದಲಿಗೆ

ಅಮರೇಶ ಹೈದರಾಬಾದಿನಿಂದ ತಂದ ಬಿಳಿ ಸಿಲಿಂಡರಿನ ಮೇಲೆ ಕಂಪನಿಯ ಹೆಸರಿರಲಿಲ್ಲ, ನಂಬರೂ ಇರಲಿಲ್ಲ. ಮಾರ್ಚ್ ಕೊನೆಯ ಭಾನುವಾರ ಅವನು ಅದನ್ನು ಮನೆಗೆ ಹೊತ್ತು ತಂದು, ಅಜ್ಜಿ ವೆಂಕಮ್ಮ ಮಲಗುವ ಕೋಣೆಯ ಹಳೆಯ ಏಸಿಗೆ ಗ್ಯಾಸ್ ತುಂಬಿದ. ಅರ್ಧ ತಾಸಿನಲ್ಲಿ ಕೋಣೆ ತಣ್ಣಗಾಯಿತು. ವೆಂಕಮ್ಮ ಸೆರಗು ಹೊದ್ದು ಕೂತು, ಮೊಮ್ಮಗನ ಕೈಗುಣ ದೊಡ್ಡದೆಂದಳು.

ಅಮರೇಶನ ತಂಗಿ ಸಂಘಮಿತ್ರಾ ಬಟ್ಟೆ ಒಣಹಾಕಿ ಬಂದವಳು ಸಿಲಿಂಡರನ್ನು ನೋಡಿ ನಿಂತಳು. ರೆಫ್ರಿಜರೇಶನ್‌ನಲ್ಲಿ ಡಿಪ್ಲೊಮಾ ಮುಗಿಸಿದ್ದ ಅವಳು ಮಾನ್ವಿಯ ಐಟಿಐ ಒಂದರಲ್ಲಿ ಅತಿಥಿ ಬೋಧಕಿ. ವಾರದಲ್ಲಿ ಆರು ದಿನ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅಣ್ಣ ಕಲಿತದ್ದು ಅಪ್ಪನ ಏಸಿ, ಫ್ರಿಜ್ ರಿಪೇರಿ ಅಂಗಡಿಯಲ್ಲಿ. ಅಪ್ಪ ಹಂಪಯ್ಯ ಕಲಿತದ್ದು ನಬೀಸಾಬ್ ಎಂಬ ಮಿಸ್ತ್ರಿಯ ಕೈಕೆಳಗೆ. ಹತ್ತಿ ಮಿಲ್ಲಿನಲ್ಲಿ ಮೂಟೆ ಹೊತ್ತವನ ಮಗ ಹಂಪಯ್ಯ, ಸ್ಟೇಷನ್ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿ ಮೂವತ್ತು ವರ್ಷವಾಗಿತ್ತು.

ಹಳೆಯ ಏಸಿಗಳೆಲ್ಲ ಓಡುವುದು ಇಪ್ಪತ್ತೆರಡು ನಂಬರಿನ ಗ್ಯಾಸಿನ ಮೇಲೆ. ಅದು ಆಕಾಶದ ಓಝೋನ್ ಪದರಕ್ಕೆ ಕೆಡುಕು ಎಂದು ಸರ್ಕಾರ ವರ್ಷವರ್ಷಕ್ಕೂ ಕಡಿಮೆ ಮಾಡುತ್ತ ಬಂದಿತ್ತು. ಈ ಬೇಸಿಗೆಗೆ ಅದು ಸಿಗುವುದೇ ಕಷ್ಟವಾಗಿ, ಸಿಕ್ಕರೂ ಮುಟ್ಟಲಾರದಷ್ಟು ದುಬಾರಿಯಾಗಿತ್ತು. ಯಂತ್ರ ಗಟ್ಟಿಯಿದೆ, ಗ್ಯಾಸ್ ಇಲ್ಲ. ಅದರ ಬದಲಿಗೆ ಏನು ತುಂಬಬೇಕು ಎನ್ನುವುದು ಊರಿನ ಎಲ್ಲ ಮಿಸ್ತ್ರಿಗಳ ತಲೆನೋವು.

ಸಂಘಮಿತ್ರಾ ತುಂಬುವ ಮುನ್ನ ಎಷ್ಟಿತ್ತೆಂದು ಅಣ್ಣನನ್ನು ಕೇಳಿ, ತೂಕದ ಯಂತ್ರ ತಂದು ಸಿಲಿಂಡರ್ ತೂಗಿದಳು. ಕಿಲೋ ಮೇಲೆ ಗ್ಯಾಸ್ ಹಿಡಿಯಬೇಕಾದ ಏಸಿ ಅರ್ಧ ಕಿಲೋಕ್ಕೇ ತಣ್ಣಗೆ ಓಡುತ್ತಿತ್ತು. ಅವಳು ಸಿಲಿಂಡರಿಗೆ ಒತ್ತಡ ಅಳೆಯುವ ಗೇಜ್ ಹಚ್ಚಿದಳು. ಆ ಹೊತ್ತಿನ ಬಿಸಿಲಿಗೆ ಇಪ್ಪತ್ತೆರಡು ನಂಬರಿನದಾದರೆ ಮುಳ್ಳು ನೂರ ಎಂಬತ್ತರ ಮೇಲೆ ನಿಲ್ಲಬೇಕಿತ್ತು. ನೂರ ಅರವತ್ತರ ಹತ್ತಿರ ನಿಂತಿತು.

"ಅಣ್ಣಾ, ಇದು ಉರಿಯೋ ಗ್ಯಾಸ್ ಅದ," ಎಂದಳು.

ಅಮರೇಶ ಪೈಪು ಸುತ್ತುತ್ತ, ಪರೀಕ್ಷೆ ಮಾಡುವುದಿದ್ದರೆ ನಿನ್ನ ಐಟಿಐ ಹುಡುಗರಿಗೆ ಹೋಗಿ ಮಾಡು, ಮನೆಯಲ್ಲಿ ಬೇಡ ಎಂದ. ಅವಳು ಬಿಡಲಿಲ್ಲ. ಇದನ್ನು ಇನ್ನೆಲ್ಲಿ ಹಾಕಿದ್ದೀಯ ಎಂದು ಕೇಳಿದಳು. ಅವನು ಸುಳ್ಳು ಹೇಳಲಿಲ್ಲ. ದೇವದುರ್ಗದ ರಾಧಾ ಡಾಕ್ಟರ ಹೆರಿಗೆ ಆಸ್ಪತ್ರೆಯ ಹನ್ನೊಂದು ಏಸಿಗಳಲ್ಲಿ ಏಳಕ್ಕೆ ತುಂಬಿಯಾಗಿತ್ತು, ಉಳಿದ ನಾಲ್ಕು ಮುಂದಿನ ವಾರ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಾಗ ಸಂಘಮಿತ್ರಾ ಅಪ್ಪನ ಮುಂದೆ ಮಾತು ತೆಗೆದಳು. ತಾಯಿ ನಾಗವೇಣಿ ಪುಂಡಿ ಪಲ್ಯ ಬಡಿಸುತ್ತಿದ್ದಳು. ಅಮರೇಶನ ಹೆಂಡತಿ ಯಶೋಧಾ, ಏಳು ತಿಂಗಳ ಬಸುರಿ, ಗೋಡೆಗೆ ಒರಗಿ ರೊಟ್ಟಿ ಮುರಿಯುತ್ತಿದ್ದಳು.

ಹಂಪಯ್ಯನಿಗೆ ಎಲ್ಲ ಗೊತ್ತಿತ್ತು. ಹೈದರಾಬಾದಿನಲ್ಲಿ ಎಲ್ಲರೂ ಅದನ್ನೇ ಹಾಕುತ್ತಾರೆ, ಕರೆಂಟು ಕಡಿಮೆ ತಿನ್ನುತ್ತದೆ, ಎಣ್ಣೆ ಬದಲಿಸುವ ಗೋಜಿಲ್ಲ ಎಂದ. ನಾನ್ನೂರ ಏಳು ನಂಬರಿನ ಗ್ಯಾಸ್ ಹಾಕಬಹುದಲ್ಲ, ಅದು ಉರಿಯುವುದಿಲ್ಲ ಎಂದಳು ಮಗಳು. ಅಮರೇಶ ನಕ್ಕ. ಅದಕ್ಕೆ ಪ್ರತಿ ಕಂಪ್ರೆಸರನ್ನೂ ಬಿಚ್ಚಿ, ಬೋರಲು ಹಾಕಿ, ಹಳೆ ಎಣ್ಣೆ ಸುರಿದು, ಹೊಸ ಎಣ್ಣೆ ಹಾಕಬೇಕು. ಅಷ್ಟಾದರೂ ತಂಪು ಕಡಿಮೆ. ಸ್ವಲ್ಪ ಸೋರಿದರೂ ಪೂರ್ತಿ ತೆಗೆದು ಮತ್ತೆ ತುಂಬಬೇಕು. ಡಾಕ್ಟರು ಅದಕ್ಕೆಲ್ಲ ಒಪ್ಪುತ್ತಾರೆಯೇ ಎಂದು ಕೇಳಿದ.

"ಒಂದೆರಡು ಕಂಪನಿಯವ್ರು ಇದ ಗ್ಯಾಸ್ ಹಾಕಿ ಹೊಸಾ ಮಷೀನ್ ಮಾರಾಕತ್ತಾರ. ಅವ್ರೇನು ಹುಚ್ಚರೇನು?"

"ಅವ್ರು ಆ ಗ್ಯಾಸಿಗಂತ ಮಾಡಿರ್ತಾರ. ಒಳಗ ಕಿಡಿ ಹಾರದಂಗ ಸ್ವಿಚ್ ಮುಚ್ಚಿರ್ತಾರ, ರೂಮಿನ ಅಳತಿ ನೋಡಿ ಹಾಕ್ತಾರ. ನೀ ಹನ್ನೆರಡು ವರ್ಷದ ತುಕ್ಕು ಹಿಡಿದ ಪೈಪಿಗಿ ತುಂಬೀದಿ. ದವಾಖಾನ್ಯಾಗ ಆಕ್ಸಿಜನ್ ಇರ್ತದ, ಸ್ಪಿರಿಟ್ ಇರ್ತದ, ಈಗ ಹುಟ್ಟಿದ ಕೂಸು ಇರ್ತಾವ."

ಅಮರೇಶ ಅಡಿಗೆಮನೆಯ ಕಡೆ ಕೈ ತೋರಿಸಿದ. "ಅವ್ವ ದಿನಾ ಸಿಲಿಂಡರ್ ಮಗ್ಗಲಕ ನಿಂತ ಅಡಿಗಿ ಮಾಡ್ತಾಳ. ಅದಕ್ಯಾಕ ಹೆದರಂಗಿಲ್ಲ ನೀ?"

"ಅದಕ್ಕ ವಾಸನಿ ಹಾಕಿರ್ತಾರ. ಸೋರಿದ್ರ ಮೂಗಿಗಿ ಬಡೀತದ. ಇದಕ್ಕ ವಾಸನಿ ಇಲ್ಲ."

ಹಂಪಯ್ಯ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಊಟದ ನಡುವೆ ಮನೆಯ ಗಂಡಸನ್ನು ಎಬ್ಬಿಸುವ ವಿದ್ಯೆಯನ್ನೂ ಮಾನ್ವಿಯಲ್ಲಿ ಕಲಿಸುತ್ತಾರೇನು ಎಂದು ಹೋಗುತ್ತ ಕೇಳಿದ.

ಅಂದಿನಿಂದ ಮನೆ ಎರಡಾಯಿತು. ಏಪ್ರಿಲ್ ಬಿಸಿಲಿಗೆ ಗೋಡೆಗಳು ಕಾದ ಹಂಚಾಗಿದ್ದವು. ವೆಂಕಮ್ಮ, ಯಶೋಧಾ ಏಸಿ ಕೋಣೆಯಲ್ಲಿ ಮಲಗುತ್ತಿದ್ದರು. ಸಂಘಮಿತ್ರಾ ಹಾಸಿಗೆಯನ್ನು ಮಾಳಿಗೆಗೆ ಹೊತ್ತಳು. ಅತ್ತಿಗೆಯನ್ನೂ ಕರೆದಳು. ನನ್ನ ಹೆಂಡತಿಯ ತಲೆ ಕೆಡಿಸಬೇಡ ಎಂದು ಅಮರೇಶ ಮೆಟ್ಟಿಲಿಗೆ ಅಡ್ಡ ನಿಂತ. ಅವಳು ಅಜ್ಜಿಯ ಕೋಣೆಯ ಕಿಟಕಿ ತೆರೆದಿಟ್ಟರೆ, ಅಜ್ಜಿ ತಂಪು ಹೋಗುತ್ತದೆಂದು ಮುಚ್ಚಿಸುತ್ತಿದ್ದಳು. ನಾಗವೇಣಿ ಅಂಗನವಾಡಿ ಕೆಲಸಕ್ಕೆ ಹೋಗುವ ಮುನ್ನ ರೊಟ್ಟಿ ಬಡಿದು ಎರಡು ಡಬ್ಬಿಯಲ್ಲಿ ಬೇರೆ ಬೇರೆ ಇಡತೊಡಗಿದಳು. ಮಗಳು ಒಬ್ಬಳೇ ಉಣ್ಣುತ್ತಿದ್ದಳು. ತನ್ನ ತಟ್ಟೆ ತಾನೇ ತೊಳೆಯುತ್ತಿದ್ದಳು. ಒಂದು ದಿನ ಅಮರೇಶನ ಅಂಗಿಯನ್ನು ಬಿಟ್ಟು ಉಳಿದವರ ಬಟ್ಟೆ ಒಗೆದಳು. ಅವನು ಆ ಅಂಗಿಯನ್ನು ಒದ್ದೆ ಮಾಡಿ ಅವಳ ಪುಸ್ತಕಗಳ ಮೇಲೆ ಎಸೆದ.

ಆಸ್ಪತ್ರೆಯ ಉಳಿದ ನಾಲ್ಕು ಏಸಿಗೂ ಅದೇ ಗ್ಯಾಸ್ ತುಂಬಿದ್ದಾಯಿತು. ಹೊರಗಿನ ಪೆಟ್ಟಿಗೆಗಳ ಮೇಲೆ, ಇದರಲ್ಲಿ ಉರಿಯುವ ಗ್ಯಾಸ್ ಇದೆ ಎಂದು ಒಂದು ಚೀಟಿಯನ್ನಾದರೂ ಅಂಟಿಸಿ, ನಾಳೆ ಬೇರೆ ಮಿಸ್ತ್ರಿ ಬಂದು ಬೆಸುಗೆಗೆ ಬೆಂಕಿ ಹಚ್ಚಿದರೆ ಸಾಯುತ್ತಾನೆ ಎಂದು ಸಂಘಮಿತ್ರಾ ಅಂಗಡಿಗೇ ಹೋಗಿ ಕೇಳಿಕೊಂಡಳು. ಬೇರೆ ಮಿಸ್ತ್ರಿ ಅಲ್ಲಿಗೆ ಬರುವುದಿಲ್ಲ ಎಂದ ಅಮರೇಶ. ಹಾಗಿದ್ದರೆ ನಾನೇ ಡಾಕ್ಟರಿಗೆ ಹೇಳುತ್ತೇನೆ ಎಂದು ಅವಳು ಅಂದಾಗ ಹಂಪಯ್ಯ ಅಂಗಡಿಯ ಸ್ಟೂಲಿನಿಂದ ಎದ್ದು ಬಂದ. ಅವನು ಕೂಗಲಿಲ್ಲ.

"ಇಪ್ಪತ್ತು ವರ್ಷದಿಂದ ಆ ದವಾಖಾನಿಗಿ ಹೋಗಾಕತ್ತೀನಿ. ಆಪರೇಷನ್ ರೂಮಿನ ತನಾ ಹಂಪಯ್ಯ ಬರ್ರಿ ಅಂತ ಕರೀತಾರ. ನಮ್ಮಪ್ಪಗ ಆ ಊರಾಗ ಚಹಾದ ಕಪ್ಪು ಸೈತ ಬ್ಯಾರೆ ಇಡ್ತಿದ್ರು. ಇವ್ರು ಮೋಸ ಮಾಡ್ಯಾರ ಅಂತ ನನ್ನ ಮಗಳ ಹೋಗಿ ಹೇಳಿದ್ರ, ನಾಳಿ ನಮ್ಮ ಮಂದಿನ್ನ ಯಾರು ಬಾಗಲದೊಳಗ ಬಿಟ್ಕೊಂತಾರ?"

"ಮೋಸ ಮಾಡಿದ್ದು ನಾನಲ್ಲಲ್ಲ, ಯಪ್ಪಾ."

ಹಂಪಯ್ಯನ ಕೈ ಮೇಲೆದ್ದಿತು. ಹೊಡೆಯಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಇನ್ನು ಈ ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದಷ್ಟೇ ಹೇಳಿ ಮತ್ತೆ ಕೂತ.

ಮುಂದಿನ ಭಾನುವಾರ ಸಂಘಮಿತ್ರಾ ಯಾರಿಗೂ ಹೇಳದೆ ದೇವದುರ್ಗದ ಬಸ್ಸು ಹತ್ತಿದಳು. ಮಸರಕಲ್ ದಾಟುವವರೆಗೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ರಾಧಾ ಡಾಕ್ಟರ್ ಐವತ್ತೈದರ ಹೆಂಗಸು. ಹೊರರೋಗಿಗಳನ್ನು ಮುಗಿಸಿ ಚಹಾ ಕುಡಿಯುತ್ತಿದ್ದವರು ಅವಳನ್ನು ಕೂರಿಸಿ, ಎಲ್ಲವನ್ನೂ ಕೇಳಿದರು. ಕೇಳಿದ ಮೇಲೆ, ನಿಮ್ಮಪ್ಪನಿಗೆ ಇದು ಗೊತ್ತಿದೆಯೇ ಎಂದರು. ಗೊತ್ತಿದೆ ಎಂದಳು. ಡಾಕ್ಟರು ಅವಳ ಎದುರೇ ಹಂಪಯ್ಯನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

ಹಂಪಯ್ಯನ ದನಿ ಬಹಳ ಸಮಾಧಾನವಾಗಿತ್ತು.

"ಗ್ಯಾಸ್ ಸರಿ ಅದ್ರಿ, ಅಮ್ಮಾವ್ರೆ. ನಾನ ನೋಡೀನಿ. ನಮ್ಮ ಹುಡುಗಿಗಿ ಅಣ್ಣನ ಕೂಡ ಜಗಳ ಆಗ್ಯಾದ. ಮದುವಿ ವಿಷಯದಾಗ ಮನಸಿಗಿ ಹಚ್ಚಿಕೊಂಡಾಳ. ಆಕಿ ಮಾತು ತಲಿಗಿ ಹಾಕ್ಕೊಬ್ಯಾಡ್ರಿ."

ಮದುವೆಯ ಮಾತು ಆ ಮನೆಯಲ್ಲಿ ಬಂದೇ ಇರಲಿಲ್ಲ. ಡಾಕ್ಟರು ಫೋನ್ ಇಟ್ಟು, ಮನೆಯ ಜಗಳವನ್ನು ಆಸ್ಪತ್ರೆಯ ತನಕ ತರಬಾರದು ಎಂದು ಬುದ್ಧಿ ಹೇಳಿ ಕಳಿಸಿದರು. ಇಪ್ಪತ್ತು ವರ್ಷದ ಮಿಸ್ತ್ರಿಯ ಮಾತು ಒಂದು ಕಡೆ, ಅಂದೇ ನೋಡಿದ ಹುಡುಗಿಯ ಮಾತು ಇನ್ನೊಂದು ಕಡೆ. ಅವರು ಹಳೆಯದನ್ನು ನಂಬಿದರು.

ಅವಳು ಮನೆ ಮುಟ್ಟುವಷ್ಟರಲ್ಲಿ ಅವಳ ಬಟ್ಟೆ, ಪುಸ್ತಕಗಳು ಎರಡು ಚೀಲಗಳಲ್ಲಿ ಪಡಸಾಲೆಗೆ ಬಂದಿದ್ದವು. ಕಟ್ಟಿದ್ದು ಅಮರೇಶ. ಹಂಪಯ್ಯ ಕುರ್ಚಿಯಲ್ಲಿ ಕೂತು ಟಿವಿ ನೋಡುತ್ತಿದ್ದ. ನಾಗವೇಣಿ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ವೆಂಕಮ್ಮ ಮಾತ್ರ, ಹೆಣ್ಣುಮಗಳನ್ನು ಈ ಹೊತ್ತಿನಲ್ಲಿ ಎಲ್ಲಿಗೆ ಕಳಿಸುತ್ತೀರಿ, ಉಂಡಾದರೂ ಹೋಗಲಿ ಎಂದಳು.

"ಯಪ್ಪಾ, ನನ್ನ ಮದುವಿ ಮಾತು ಯಾವಾಗ ಆತು?" ಎಂದು ಸಂಘಮಿತ್ರಾ ಕೇಳಿದಳು.

ಹಂಪಯ್ಯ ಟಿವಿಯ ದನಿ ಹೆಚ್ಚಿಸಿದ.

ಅವಳು ಉಣ್ಣದೆ ಚೀಲ ಎತ್ತಿಕೊಂಡಳು. ಆ ಸಂಜೆಯ ಬಸ್ಸಿಗೇ ಮಾನ್ವಿಗೆ ಹೋಗಿ, ತನ್ನ ವಿದ್ಯಾರ್ಥಿಯೊಬ್ಬನ ಅಜ್ಜಿ ಖಾಸಿಂ ಬೀಯ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದಳು.

ಇಷ್ಟೆಲ್ಲ ಆಗುವಾಗ ಯಶೋಧಾ ಒಂದು ಮಾತೂ ಆಡಿರಲಿಲ್ಲ. ಅವಳಿಗೆ ನಾದಿನಿಯ ಮೇಲೆ ಪ್ರೀತಿಯೂ ಅಷ್ಟಕ್ಕಷ್ಟೇ. ಓದಿದವಳೆಂಬ ಸೊಕ್ಕು, ಮನೆಗೆಲಸಕ್ಕೆ ಹೊತ್ತಿಗೆ ಸಿಗುವುದಿಲ್ಲ ಎಂಬ ದೂರು ಅವಳದೂ ಇತ್ತು. ಗಂಡ ಹೇಳಿದ್ದೇ ಸರಿಯಿರಬೇಕೆಂದುಕೊಂಡು ತಣ್ಣಗೆ ಮಲಗಿದ್ದಳು.

ಏಪ್ರಿಲ್ ಕೊನೆಯ ವಾರ ಅಮರೇಶ ಪೋತ್ನಾಳದ ಅಂಗಡಿಯೊಂದರ ಫ್ರೀಜರ್ ರಿಪೇರಿಗೆ ಹೋಗಿದ್ದ. ಮಧ್ಯಾಹ್ನ ಹಂಪಯ್ಯ ಅಂಗಡಿ ಮುಚ್ಚಿ ಮನೆಗೆ ಬಂದ. ತಾಯಿ ವೆಂಕಮ್ಮನನ್ನು ಪಡಸಾಲೆಗೆ ಕರೆತಂದು ಕೂರಿಸಿದ. ನಾಗವೇಣಿಗೆ ಒಲೆ ಆರಿಸು ಎಂದ. ಬೇಳೆ ಇನ್ನೂ ಬೆಂದಿಲ್ಲ ಎಂದಳು ಅವಳು. ಆರಿಸು ಎಂದೆನಲ್ಲ ಎಂದ. ಬುದ್ಧನ ಮೂರ್ತಿಯ ಮುಂದೆ ಉರಿಯುತ್ತಿದ್ದ ದೀಪವನ್ನು ತಾನೇ ಬೆರಳಿನಿಂದ ಆರಿಸಿದ. ಮೇನ್ ಸ್ವಿಚ್ ತೆಗೆದ. ಆಮೇಲೆ ಹಿತ್ತಲಿಗೆ ಉದ್ದ ಪೈಪು ಎಳೆದು, ಏಸಿಯ ಗ್ಯಾಸನ್ನೆಲ್ಲ ನಿಧಾನವಾಗಿ ಗಾಳಿಗೆ ಬಿಟ್ಟ. ಏನಾಯಿತೆಂದು ತಾಯಿ ಕೇಳಿದರೆ, ಕಂಪ್ರೆಸರ್ ಹೋಗಿದೆ ಎಂದ.

ಯಶೋಧಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಈ ಮನೆಗೆ ಬಂದ ಎರಡು ವರ್ಷದಲ್ಲಿ ಮಾವ ಹಿತ್ತಲಲ್ಲಿ ಎಷ್ಟೋ ಸಲ ಗ್ಯಾಸ್ ಬಿಟ್ಟದ್ದನ್ನು ಕಂಡಿದ್ದಳು. ಒಂದು ಸಲವೂ ಒಲೆ ಆರಿಸೆಂದು ಹೇಳಿರಲಿಲ್ಲ. ದೀಪ ಮುಟ್ಟಿರಲಿಲ್ಲ. ಬೆಳಿಗ್ಗೆ ತನಕ ತಣ್ಣಗೆ ಓಡಿದ ಕಂಪ್ರೆಸರ್ ಮಧ್ಯಾಹ್ನಕ್ಕೆ ಹೋಗಿದ್ದು ಹೇಗೆಂದು ಅವಳು ಕೇಳಲಿಲ್ಲ.

ಸಂಜೆ ಅಮರೇಶ ಬಂದು ಅಪ್ಪನೊಡನೆ ಜಗಳವಾಡಿದ. ನನ್ನನ್ನು ನಂಬುವುದಿಲ್ಲವೇ, ಆಕೆಯ ಮಾತು ನಂಬಿದೆಯಾ ಎಂದು ಕೂಗಿದ. ಹಂಪಯ್ಯ ಅದೇ ಕಂಪ್ರೆಸರಿನ ಮಾತನ್ನು ಮತ್ತೆ ಹೇಳಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾಲ್ಕು ದಿನದ ಮೇಲೆ ಯಶೋಧಾಳ ತಾಯಿ ತಿಮ್ಮವ್ವ ಬಂದು, ಚೊಚ್ಚಲ ಹೆರಿಗೆಗೆಂದು ಅವಳನ್ನು ಜಾಲಹಳ್ಳಿಗೆ ಕರೆದೊಯ್ದಳು.

ಮೇ ಕೊನೆಯಲ್ಲಿ ಯಶೋಧಾಳಿಗೆ ನೋವು ಕಾಣಿಸಿಕೊಂಡಿತು. ಜಾಲಹಳ್ಳಿಯಿಂದ ದೇವದುರ್ಗದ ರಾಧಾ ಡಾಕ್ಟರ ಆಸ್ಪತ್ರೆಗೆ ಕರೆತಂದರು. ಸುದ್ದಿ ತಿಳಿದು ಹಂಪಯ್ಯ, ನಾಗವೇಣಿ, ಅಮರೇಶ ಬೆಳಿಗ್ಗೆ ಹತ್ತಕ್ಕೆ ರಾಯಚೂರಿನಿಂದ ಬಂದು ಮುಟ್ಟಿದರು. ಯಶೋಧಾ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಬೆವರಿನಿಂದ ಕುಪ್ಪಸ ನೆನೆದಿತ್ತು. ಕೋಣೆ ಕೊಟ್ಟಿದ್ದಾರೆ, ಏಸಿ ಹಚ್ಚಿದ್ದಾರೆ, ಒಳಗೆ ಕಾಲಿಡಲೊಲ್ಲಳು ಎಂದು ತಿಮ್ಮವ್ವ ಅಳುತ್ತಿದ್ದಳು.

ಮರ್ಯಾದೆ ತೆಗೆಯಬೇಡ, ಒಳಗೆ ನಡೆ ಎಂದು ಅಮರೇಶ ಹೆಂಡತಿಯ ರಟ್ಟೆ ಹಿಡಿದ.

"ಈ ರೂಮಿನ್ಯಾಗ ಯಾವ ಗ್ಯಾಸ್ ಅದ ಹೇಳ್ರಿ. ಆಮ್ಯಾಲ ಬರ್ತೀನಿ," ಎಂದಳು ಯಶೋಧಾ.

"ಬಾಯಿ ಮುಚ್ಚು. ನಾಲ್ಕು ಮಂದಿ ನೋಡಾಕತ್ತಾರ."

ಅವಳು ರಟ್ಟೆ ಕೊಸರಿಕೊಂಡು ಮಾವನ ಕಡೆ ತಿರುಗಿದಳು. ನೋವು ಬಂದು ಒಂದು ಗಳಿಗೆ ಉಸಿರು ಹಿಡಿದಳು. ಅದು ಇಳಿದ ಮೇಲೆ ಕೇಳಿದಳು:

"ಮಾವಾ, ನಿಮ್ಮವ್ವನ ರೂಮಿನ ಏಸಿ ಯಾಕ ಖಾಲಿ ಮಾಡಿದ್ರಿ? ಒಲಿ ಆರಿಸಿದ್ರಿ, ದೀಪ ಆರಿಸಿದ್ರಿ. ನಿಮ್ಮವ್ವ ಮಲಗಬಾರದ ರೂಮಿನ್ಯಾಗ ನಾ ಹೆಂಗ ಮಲಗಲಿ?"

ಗದ್ದಲ ಕೇಳಿ ರಾಧಾ ಡಾಕ್ಟರ್ ಹೊರಗೆ ಬಂದಿದ್ದರು. ಕೊನೆಯ ಮಾತು ಅವರ ಕಿವಿಗೆ ಬಿತ್ತು. ಅವರು ಅಮರೇಶನನ್ನು ನೋಡಲಿಲ್ಲ. ಹಂಪಯ್ಯನ ಎದುರು ಬಂದು ನಿಂತು, ಏನು ತುಂಬಿದ್ದೀರಿ ಎಂದು ಕೇಳಿದರು.

ಹಂಪಯ್ಯ ತಲೆಯ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದ. "ಉರಿಯೋದು ತುಂಬೀವ್ರಿ," ಎಂದ.

ಡಾಕ್ಟರು ನರ್ಸನ್ನು ಕರೆದು ಎಲ್ಲ ಏಸಿಗಳ ಕರೆಂಟನ್ನು ಹೊರಗಿನ ಬೋರ್ಡಿನಲ್ಲೇ ತೆಗೆಸಿದರು. ಕಿಟಕಿಗಳನ್ನೆಲ್ಲ ತೆರೆಸಿದರು. ಹೊರಗೆ ಬಿಸಿಲು ನಲವತ್ತನಾಲ್ಕು ಡಿಗ್ರಿ. ಒಳಗೆ ಒಂಬತ್ತು ಬಾಣಂತಿಯರು. ಮನೆಯವರು ರಟ್ಟಿನ ಹಾಳೆ, ಸೆರಗು ಹಿಡಿದು ಗಾಳಿ ಬೀಸತೊಡಗಿದರು. ಇದಕ್ಕೆಲ್ಲ ಯಾರು ಕಾರಣವೆಂದು ತಿಳಿದ ಮುದುಕಿಯೊಬ್ಬಳು ಅಮರೇಶನ ಕಾಲ ಬಳಿ ಉಗುಳಿದಳು. ಮಧ್ಯಾಹ್ನ ಒಂದೂವರೆಗೆ, ಫ್ಯಾನಿನ ಬಿಸಿಗಾಳಿಯ ಕೆಳಗೆ ಯಶೋಧಾ ಹೆಣ್ಣುಮಗುವನ್ನು ಹೆತ್ತಳು.

ಮಗುವನ್ನು ತೋರಿಸಲು ಬಂದ ಡಾಕ್ಟರು ಹಂಪಯ್ಯನಿಗೆ ಹೇಳಿದರು: "ಅವತ್ತು ಆ ಹುಡುಗಿ ನನ್ನ ಮುಂದೆ ಕೂತಿದ್ದಳು. ನೀವು ಫೋನಿನಲ್ಲಿ ಅವಳನ್ನ ಸುಳ್ಳುಗಾರ್ತಿ ಮಾಡಿದ್ರಿ. ನಾನು ನಂಬಿದೆ. ನಾಳೆ ಬೆಳಿಗ್ಗೆ ಅವಳು ಇಲ್ಲಿ ಇರಬೇಕು. ಅವಳು ಹೇಳಿದ ಹಾಗೆ ಕೆಲಸ ಆಗಬೇಕು."

ಹಂಪಯ್ಯ ಮಗನಿಗೆ ಹೋಗು ಎಂದ. ಅಮರೇಶ ಒಪ್ಪಲಿಲ್ಲ. ನೀನೇ ಹೊರಗೆ ಹಾಕಿದ್ದು, ನೀನೇ ಕರೆದುಕೊಂಡು ಬಾ ಎಂದ. ಚೀಲ ಕಟ್ಟಿದ್ದು ಯಾರು ಎಂದ ಹಂಪಯ್ಯ. ಕೊನೆಗೆ ಅಮರೇಶ ಬೈಕ್ ಹತ್ತಿದ. ಸಂಜೆ ಐದಕ್ಕೆ ಖಾಸಿಂ ಬೀಯ ಬಾಗಿಲಲ್ಲಿ ನಿಂತಾಗ ಅವನ ಮುಖದ ತುಂಬ ಧೂಳಿತ್ತು. ಖಾಸಿಂ ಬೀ ನೀರು ಕೊಟ್ಟಳು. ಅವನು ಕುಡಿಯದೆ ಚೊಂಬು ಹಿಡಿದೇ ನಿಂತ.

"ರಾಧಾ ಡಾಕ್ಟರ್ ಕರದಾರ," ಎಂದ.

"ನೀ ಕರಿಯಾಕತ್ತಿಲ್ಲೇನು?"

"ಇಲ್ಲ. ನನ್ನ ಕೇಳಿದ್ರ ನೀ ಇಲ್ಲೇ ಇರು ಅಂತೀನಿ. ನಿನ್ನ ಸಲುವಾಗಿ ಮಂದಿ ಮುಂದ ಉಗುಳಿಸಿಕೊಂಡು ಬಂದೀನಿ."

"ನನ್ನ ಸಲುವಾಗಿ ಅಲ್ಲ." ಅವಳು ಒಳಗೆ ಹೋಗಿ ಗೇಜು, ತೂಕದ ಯಂತ್ರ ಚೀಲಕ್ಕೆ ಹಾಕಿಕೊಂಡು ಬಂದಳು. "ಅತ್ತಿಗಿ ಹೆಂಗದಾಳ?"

"ಹೆಣ್ಣು ಹುಟ್ಟ್ಯಾದ."

"ಬೈಕ್ ಮ್ಯಾಲ ಬರಂಗಿಲ್ಲ ನಾ. ಮುಂಜಾನಿ ಬಸ್ಸಿಗಿ ಬರ್ತೀನಿ," ಎಂದು ಬಾಗಿಲು ಮುಚ್ಚಿದಳು.

ಮರುದಿನ ಡಾಕ್ಟರು ಎಲ್ಲರ ಮುಂದೆ ಸಂಘಮಿತ್ರಾಳನ್ನು ಕೇಳಿದರು, ಏನು ಹಾಕಬೇಕು ಎಂದು. ಅವಳು ರಾತ್ರಿಯೇ ಯೋಚಿಸಿಕೊಂಡು ಬಂದಿದ್ದಳು. ಹೆರಿಗೆ ಕೋಣೆ, ಆಪರೇಷನ್ ಕೋಣೆ, ಕೂಸುಗಳ ಕೋಣೆ, ಈ ಮೂರರ ಹಳೆ ಏಸಿ ತೆಗೆದು ಹೊಸದನ್ನೇ ಹಾಕಿ ಎಂದಳು. ಬಹಳಷ್ಟು ಹೊಸ ಯಂತ್ರಗಳಲ್ಲಿ ಬರುವ ಬೇರೆ ಗ್ಯಾಸನ್ನು ಈ ಹಳೆಯದಕ್ಕೆ ತುಂಬಿದರೆ ಆಗದೇ ಎಂದು ಡಾಕ್ಟರು ಕೇಳಿದ್ದಕ್ಕೆ, ಅದರ ಒತ್ತಡ ಒಂದೂವರೆ ಪಟ್ಟು, ಹಳೆ ಪೈಪು ಸೀಳುತ್ತದೆ ಎಂದಳು. ಇನ್ನೆರಡು ಏಸಿ ತುಕ್ಕು ಹಿಡಿದು ಕೆಟ್ಟಿವೆ, ಅವನ್ನು ಬಿಚ್ಚಿ ಫ್ಯಾನ್ ಹಾಕುವುದೇ ಸರಿ. ಉಳಿದ ಆರಕ್ಕೆ ಎಣ್ಣೆ ಬದಲಿಸಿ ನಾನ್ನೂರ ಏಳು ನಂಬರಿನದು. ತಂಪು ಮೊದಲಿನಷ್ಟು ಬರುವುದಿಲ್ಲ, ಅದನ್ನು ಈಗಲೇ ಹೇಳಿರುತ್ತೇನೆ ಎಂದಳು. ಡಾಕ್ಟರು ಒಪ್ಪಿದರು.

ಮೂರು ದಿನ ಅಣ್ಣ ತಂಗಿ ಆಸ್ಪತ್ರೆಯ ಮಾಳಿಗೆಯ ಮೇಲೆ ಕೆಲಸ ಮಾಡಿದರು. ತೂಕ, ಒತ್ತಡದ ಅಂಕಿ ಬಿಟ್ಟು ಬೇರೆ ಮಾತಿರಲಿಲ್ಲ. ಅವಳು ಬರೆದುಕೊಳ್ಳುತ್ತಿದ್ದಳು, ಅವನು ಬಿಚ್ಚುತ್ತಿದ್ದ. ಹಂಪಯ್ಯ ಕೆಳಗೆ ಬೇವಿನ ನೆರಳಲ್ಲಿ ಕೂತು ಕಂಪ್ರೆಸರುಗಳ ಎಣ್ಣೆ ಸುರಿಯುತ್ತಿದ್ದ. ನಾಗವೇಣಿ ಸೊಸೆಯ ಬಾಣಂತನ ನೋಡುತ್ತ, ಗಂಡನಿಗೂ ಮಗನಿಗೂ ಬುತ್ತಿ ಬಿಚ್ಚಿ ಕೊಟ್ಟಳು. ಮಗಳಿಗೆ ತಿಮ್ಮವ್ವ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದಳು.

ಎರಡನೆಯ ದಿನ ಅಮರೇಶ ಒಂದು ಏಸಿಯ ಗ್ಯಾಸ್ ಬಿಟ್ಟವನು, ಪೈಪಿನ ಬೆಸುಗೆ ಬಿಡಿಸಲು ನೇರ ಬೆಂಕಿಯ ನಳಿಗೆಗೆ ಕೈ ಹಾಕಿದ. ಒಳಗೆ ಉಳಿದ ಗ್ಯಾಸನ್ನು, ಉರಿಯದ ನೈಟ್ರೋಜನ್ ಹಾಯಿಸಿ ಹೊರಗೆ ದೂಡಿರಲಿಲ್ಲ. ಸಂಘಮಿತ್ರಾ ಓಡಿ ಬಂದು ನಳಿಗೆಯ ಸಿಲಿಂಡರಿನ ಕೀಲಿ ತಿರುವಿ ಬಂದ್ ಮಾಡಿದಳು. ಅವನು ಅವಳ ಕೈಯನ್ನು ಜೋರಾಗಿ ತಳ್ಳಿದ. ಅವಳ ಮೊಣಕೈ ಪ್ಯಾರಾಪೆಟ್ ಗೋಡೆಗೆ ತರಚಿ ರಕ್ತ ಬಂತು. ಹದಿನೈದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನಿನ್ನಿಂದ ಕಲಿಯಬೇಕಾಗಿಲ್ಲ ಎಂದು ಅವನು ಒದರಿದ.

"ಅಮ್ರ್ಯಾ," ಎಂದು ಕೆಳಗಿನಿಂದ ಹಂಪಯ್ಯ ಕೂಗಿದ. "ಆಕಿ ಹೇಳಿದಂಗ ಮಾಡು. ಇಲ್ಲಂದ್ರ ಕೆಳಗ ಇಳಿ."

ಅಮರೇಶ ನಳಿಗೆಯನ್ನು ಕೆಳಗಿಟ್ಟ. ಆಮೇಲೆ ನೈಟ್ರೋಜನ್ ಸಿಲಿಂಡರನ್ನು ಎಳೆದುಕೊಂಡ. ಸಂಘಮಿತ್ರಾ ಮೊಣಕೈಗೆ ಕರ್ಚೀಫು ಕಟ್ಟಿಕೊಂಡು ಗೇಜಿನ ಮುಂದೆ ಕೂತಳು. ಹಂಪಯ್ಯ ಅವಳ ಕಡೆ ನೋಡಲಿಲ್ಲ.

ಕೆಲಸ ಮುಗಿದ ದಿನ ಪ್ರತಿ ಪೆಟ್ಟಿಗೆಯ ಮೇಲೂ ಗ್ಯಾಸಿನ ನಂಬರು, ತೂಕ, ತಾರೀಖು ಬರೆದ ಚೀಟಿ ಅಂಟಿತು. ಡಾಕ್ಟರು ಹಂಪಯ್ಯನಿಗೆ, ಇನ್ನು ನೀವು ಬರುವುದು ಬೇಡ ಎಂದರು. ಸಂಘಮಿತ್ರಾಳಿಗೆ, ವರ್ಷವಿಡೀ ಇವುಗಳ ದೇಖರೇಖಿ ನೀನು ನೋಡಿಕೊಳ್ಳುತ್ತೀಯಾ ಎಂದು ಕೇಳಿದರು. ಅಪ್ಪ ಅಲ್ಲೇ ನಿಂತಿದ್ದ. ಅವಳು ಅವನ ಮುಖ ನೋಡಿದಳು. ಅವನು ಎಣ್ಣೆ ಹತ್ತಿದ ಕೈಗಳನ್ನು ಚಿಂದಿಯಿಂದ ಉಜ್ಜುತ್ತಿದ್ದ, ಮುಖ ಎತ್ತಲಿಲ್ಲ.

"ನೋಡ್ಕೊಂತೀನ್ರಿ," ಎಂದಳು.

ಹೊರಗೆ ಬಂದಾಗ ನಾಗವೇಣಿ ಮೆಟ್ಟಿಲ ಬಳಿ ಕಾದು ನಿಂತಿದ್ದಳು. ತಿಂಗಳ ಮೇಲೆ ಮಗಳೊಡನೆ ಆಡಿದ ಮೊದಲ ಮಾತು ಅದು.

"ಅಣ್ಣನ ಅನ್ನ ಕಸಗೊಂಡಿ. ಇದಕ್ಕೇನು ನೀ ಇಷ್ಟೆಲ್ಲ ಮಾಡಿದ್ದು?"

ಸಂಘಮಿತ್ರಾ ಚೀಲ ಹೆಗಲಿಗೇರಿಸಿ ನಡೆದಳು. ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ಮಾನ್ವಿ ಬರುವ ತನಕ ಅತ್ತಳು. ಮರುದಿನ ಪಾಠಕ್ಕೆ ಹೋದಳು.

ಜೂನ್ ಕೊನೆಯಲ್ಲಿ ಜಾಲಹಳ್ಳಿಯಲ್ಲಿ ಮಗುವಿನ ತೊಟ್ಟಿಲು. ಸಂಘಮಿತ್ರಾಳನ್ನು ಕರೆಯುವುದಿಲ್ಲ ಎಂದು ಅಮರೇಶ ಮೊದಲೇ ಹೇಳಿದ್ದ. ಯಶೋಧಾ ತಾನೇ ಫೋನ್ ಮಾಡಿದಳು. ಸೋದರತ್ತೆ ಬಂದು ಕಿವಿಯಲ್ಲಿ ಹೆಸರು ಹೇಳದೆ ಮಗುವನ್ನು ತೊಟ್ಟಿಲಿಗೆ ಹಾಕುವುದಿಲ್ಲ ಎಂದು ಹಟ ಹಿಡಿದು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸಂಘಮಿತ್ರಾ ಬಂದಳು. ಮಗುವಿನ ಕಿವಿಯಲ್ಲಿ ಅತ್ತಿಗೆ ಹೇಳಿಕೊಟ್ಟ ಹೆಸರು ಹೇಳಿದಳು. ಅಮರೇಶ ಅಷ್ಟು ಹೊತ್ತು ಹೊರಗೆ ಶಾಮಿಯಾನದ ಹಗ್ಗ ಬಿಗಿಯುತ್ತ ನಿಂತಿದ್ದ.

ಊಟ ಮುಗಿಸಿ ಬಸ್ಸಿಗೆ ಹೊರಟವಳನ್ನು ಹಂಪಯ್ಯ ಅಂಗಳದ ಕಟ್ಟೆಯ ಮೇಲಿಂದ ತಡೆದ. ಹೆಸರು ಹಿಡಿದು ಕರೆಯಲಿಲ್ಲ. ಕೆಮ್ಮಿದ.

"ದವಾಖಾನಿ ಏಸಿ ಗಾಳಿ ಎಷ್ಟಕ್ಕ ಬರಾಕತ್ತದ?"

"ಹದಿನೈದು ಡಿಗ್ರಿ."

"ಹದಿಮೂರಕ್ಕಾರ ಬರಬೇಕು. ಹೊರಗಿನ ಪೆಟ್ಟಿಗಿ ಜಾಳಿಗಿ ತೊಳದಿಯೇನು?"

"ಇಲ್ಲ."

"ಮ್ಯಾಲ ತೊಳದ್ರ ಸಾಲದು. ಪೆಟ್ಟಿಗಿ ಬಿಚ್ಚು. ಒಳಗಿನಿಂದ ಹೊರಗ ನೀರು ಹೊಡಿ. ದೇವದುರ್ಗದ ಧೂಳು ಹತ್ತಿ ಅರಳಿಯಂಗ ಕೂತಿರ್ತದ."

ಡಾಕ್ಟರಿಗೆ ಫೋನಿನಲ್ಲಿ ಆಡಿದ ಆ ಮಾತನ್ನು ಅವನು ಎತ್ತಬಹುದೆಂದು ಅವಳು ಒಂದು ಕ್ಷಣ ನಿಂತಳು. ಅವನು ಎತ್ತಲಿಲ್ಲ. ಅವಳು ಹೋದಳು.

ಭಾನುವಾರ ದೇವದುರ್ಗಕ್ಕೆ ಹೋಗಿ ಆರೂ ಪೆಟ್ಟಿಗೆಗಳನ್ನು ಬಿಚ್ಚಿ, ಒಳಗಿನಿಂದ ಹೊರಕ್ಕೆ ನೀರು ಹೊಡೆದಳು. ಕಪ್ಪು ಕೆಸರು ಮಾಳಿಗೆಯ ಮೇಲೆಲ್ಲ ಹರಿಯಿತು. ಸಂಜೆ ತಾಯಿಗೆ ಫೋನ್ ಮಾಡಿ, ಅಪ್ಪನಿಗೆ ಇಷ್ಟು ಹೇಳು ಎಂದು ಒಂದು ಅಂಕಿ ಹೇಳಿ ಇಟ್ಟುಬಿಟ್ಟಳು.

ಊಟಕ್ಕೆ ಬಡಿಸುವಾಗ ನಾಗವೇಣಿ, ಅರ್ಥವಾಗದಿದ್ದರೂ, ಅದನ್ನು ಹಾ‌ಗೆಯೇ ಒಪ್ಪಿಸಿದಳು. "ಹದಿಮೂರೂವರಿ ಅಂತ. ಸಂಘಮಿತ್ರಾ ಹೇಳ್ಯಾಳ."

ಅಮರೇಶ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿ ಎದ್ದು ಹೋದ. ಬಾಗಿಲು ಗೋಡೆಗೆ ಬಡಿಯಿತು. ಹಂಪಯ್ಯ ತಲೆಯೆತ್ತದೆ ಉಣ್ಣುತ್ತಿದ್ದ.

"ಇನ್ನೂ ಅರ್ಧ ಇಳೀತದ," ಎಂದ. "ಫ್ಯಾನಿನ ರೆಕ್ಕಿನೂ ಒರಸು ಅಂತ ಹೇಳು."